ಮೇಣದ ಕೈ, ವಿಶ್ವಕಪ್ಪಿನ ಚೆಂಡು

ಸಂಬ್ರಿಯಾಲ್, ಸಿಯಾಲ್‌ಕೋಟ್ ಜಿಲ್ಲೆ
ಮಾರ್ಚ್ ೧೨

ಲಾಹೋರಿನ ಹಾಸ್ಟೆಲಿನಲ್ಲಿ ಕೂತು ನನ್ನ ಹೆಸರು ಮೆರೆಸುತ್ತಿರುವ ಅಕ್ಕನ ಮಗಳು ಜುನೈರಾಳಿಗೆ ಬಶಾರತ್ ಮಾಮೂನ ಸಲಾಮು.

ವಿಶ್ವಕಪ್ಪಿನ ಚೆಂಡನ್ನು ನಿನ್ನ ಮಾಮೂನೇ ಮಾಡುವುದೆಂದು ಗೆಳತಿಯರಿಗೆಲ್ಲ ಸಾರಿಬಿಟ್ಟೆಯಂತೆ. ಕೆಲಸ ಸಿಕ್ಕಿತೋ ಇಲ್ಲವೋ ಎಂದು ಈಗ ಕೇಳುತ್ತೀಯ. ತಾಳು, ಹೇಳುತ್ತೇನೆ.

ಮೂವತ್ತೆರಡು ತುಂಡು ಸೇರಿಸಿ ನಾವು ಕೈಯಲ್ಲಿ ಹೊಲಿಯುತ್ತಿದ್ದ ಚೆಂಡು ಈಗ ಯಾರಿಗೂ ಬೇಡ. ಹೊಸ ಚೆಂಡಿಗೆ ಸೂಜಿಯೂ ಇಲ್ಲ, ದಾರವೂ ಇಲ್ಲ. ಕೆಲವೇ ತುಂಡುಗಳನ್ನು ಅಂಟು ಹಚ್ಚಿ, ಬಿಸಿ ಅಚ್ಚಿನಲ್ಲಿ ಒತ್ತಿ ಬೆಸೆಯುತ್ತಾರೆ. ತೀರ ನುಣುಪಾದರೆ ಗಾಳಿಯಲ್ಲಿ ಕುಡುಕನ ಹಾಗೆ ಓಲಾಡುತ್ತದೆಂದು ಮೈಮೇಲೆ ಸಣ್ಣ ಗೀರುಗಳನ್ನು ಕೊರೆಯುತ್ತಾರೆ. ಇದನ್ನು ಇಂಜಿನಿಯರುಗಳಿಗಿಂತ ಮೊದಲೇ ನಾನು ಹೇಳಿದ್ದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ಅಷ್ಟೆ.

ಕಾರ್ಖಾನೆಯ ಆ ವಿಭಾಗದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಒಂದು ಚೆಂಡು ಬೆಸೆದು ಪರೀಕ್ಷೆಯಲ್ಲಿ ಗೆದ್ದವರಿಗೆ ಅದು. ನಾನು ಬೆಸೆದೆ. ಚೆಂಡನ್ನು ನೀರಿನ ತೊಟ್ಟಿಯಲ್ಲಿಟ್ಟು ಯಂತ್ರ ಇನ್ನೂರೈವತ್ತು ಸಲ ಹಿಂಡುತ್ತದೆ, ಬೆಸುಗೆ ಬಿಡಬಾರದು, ನೀರು ಒಳಗೆ ಹೋಗಬಾರದು. ಎಪ್ಪತ್ತಕ್ಕೇ ನನ್ನ ಚೆಂಡು ಕಪ್ಪೆಯ ಹಾಗೆ ಬಾಯಿ ತೆರೆಯಿತು.

"ನಿಮ್ಮ ಅಂಟೇ ಡೂಪ್ಲಿಕೇಟು!" ಎಂದು ಕೂಗಾಡಿದೆ.

ಸೂಪರ್‌ವೈಸರ್ ಇಸ್ರಾರ್ ನನ್ನ ಬೆರಳು ಹಿಡಿದು ಮೂಸಿದ. "ಚಾಚಾ, ಇದೇನು ಕೈಯೋ ಮೇಣದ ಬತ್ತಿಯೋ? ಮೇಣ ಮೆತ್ತಿದ ಅಂಚಿಗೆ ಅಂಟು ಹೇಗೆ ಹಿಡಿಯುತ್ತೆ?"

ಮೂವತ್ತು ವರ್ಷ ದಾರಕ್ಕೆ ಮೇಣ ತಿಕ್ಕಿದ ಬೆರಳಲ್ಲವೇ ಮಗಳೇ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುವಾರ ಇನ್ನೊಂದು ಸಲ ಬನ್ನಿ, ಮನೆಯವರಲ್ಲಿ ಯಾರು ಬೇಕಾದರೂ ಬರಲಿ ಎಂದ ಇಸ್ರಾರ್.

ಮೂರು ದಿನ ನಿನ್ನ ಶಮೀಮ್ ಮಾಮಿ ನನ್ನ ಕೈಯನ್ನು ಬೂದಿ, ಸೋಡಾ, ನಿಂಬೆಹಣ್ಣು ಹಾಕಿ ತಿಕ್ಕಿದಳು. "ಸುಮ್ನೆ ಕೂತ್ಕೊಳ್ರೀ, ಹಂಡೆಯಾದ್ರೂ ಇಷ್ಟು ಹೊತ್ತಿಗೆ ಹೊಳೀತಿತ್ತು" ಎಂದು ಬೈದಳು. ಗುರುವಾರ ದಾರಿಯಲ್ಲಿ ನಾನು ಏನನ್ನಾದರೂ ಮುಟ್ಟಿಬಿಟ್ಟೇನೆಂದು ಕಾವಲಿಗೆ ಜೊತೆಯಲ್ಲೇ ಬಂದಳು.

ಆಮೇಲೆ ಕೇಳು! ನಮ್ಮ ಮನೆಯ ಚೆಂಡು ಇನ್ನೂರೈವತ್ತು ಹಿಂಡಿಗೂ ಜಗ್ಗಲಿಲ್ಲ. ಒಂದು ತೊಟ್ಟು ನೀರು ಕುಡಿಯಲಿಲ್ಲ. ಯಂತ್ರದ ಕಾಲು ಅದನ್ನು ಉಕ್ಕಿನ ಗೋಡೆಗೆ ಸಾವಿರಾರು ಸಲ ಒದ್ದರೂ ಗುಂಡಗೆ ನಗುತ್ತಿತ್ತು. ಇಸ್ರಾರ್ ಎದ್ದು ನಿಂತು ಸಲಾಮು ಹೊಡೆದ. ಆ ಜಾಗ ನಮ್ಮ ಮನೆಗೇ ಬಂತು. ನಿನ್ನ ಗೆಳತಿಯರಿಗೆ ಧಾರಾಳವಾಗಿ ಹೇಳು.

ಇಡೀ ಸಿಯಾಲ್‌ಕೋಟಿಗೆ ಒಬ್ಬನೇ ಆದ ನಿನ್ನ ಮಾಮೂ,
ಉಸ್ತಾದ್ ಬಶಾರತ್

ತಾ.ಕ.: ನಿನ್ನ ಮಾಮಿ ಇದನ್ನು ಓದಿ ಲಕೋಟೆ ಕಿತ್ತುಕೊಂಡಿದ್ದಾಳೆ, ನಿಜ ಬರೆಯದೆ ಕೊಡುವುದಿಲ್ಲವಂತೆ. ಗೆದ್ದದ್ದು ಅವಳು ಬೆಸೆದ ಚೆಂಡು. ನನ್ನದು ತೊಂಬತ್ತಕ್ಕೆ ಬಾಯಿಬಿಟ್ಟಿತು. ಅವಳೂ ನನ್ನಷ್ಟೇ ವರ್ಷ ಹೊಲಿದವಳು, ಆದರೆ ದಿನಾ ಪಾತ್ರೆ ತೊಳೆದ ಕೈಯಲ್ಲಿ ಮೇಣ ಎಲ್ಲಿ ಉಳಿಯಬೇಕು? "ಆರು ತಿಂಗಳು ಮನೇಲಿ ಪಾತ್ರೆ ತಿಕ್ಕಿ ಬನ್ನಿ ಚಾಚಾ, ಆಮೇಲೆ ನೋಡೋಣ" ಎಂದಿದ್ದಾನೆ ಇಸ್ರಾರ್. ಇವತ್ತಿಗೆ ಹನ್ನೊಂದನೇ ದಿನ. ಬಾಣಲೆಯ ತಳ ತಿಕ್ಕುವುದರಲ್ಲಿ ಸಂಬ್ರಿಯಾಲಿನಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಬೇಕಾದರೆ ಗೆಳತಿಯರಿಗೆ ಇದನ್ನೂ ಹೇಳು.