ರೆಕ್ಕೆ ಮುರಿದ ಮಧ್ಯಾಹ್ನ

ಅಪ್ಪಾ,

ನಾನು ಚೆನ್ನಾಗಿದ್ದೀನಿ.

ಇವತ್ತು ತೇವಾರಂ ಹತ್ತಿರ ಒಂದು ಗಾಳಿಯಂತ್ರದ ರಿಪೇರಿಗೆ ನಾನೂ ನಮ್ಮ ಟೆಕ್ನಿಷಿಯನ್ ಲೋಗೇಶನೂ ಮೇಲೆ ಹತ್ತಿದ್ವಿ. ಕೆಲಸ ಮುಗಿಸಿ ಇಳಿದು, ಯಂತ್ರ ಓಡಿಸಿ, ಜೀಪಿನ ಹತ್ತಿರ ಬಂದು ಹೆಲ್ಮೆಟ್ ತೆಗೀತಿದ್ದೆ. ಮೇಲೆ ಸಿಡಿಲು ಹೊಡೆದಂಗೆ ಸದ್ದಾಯ್ತು. ಮೂರು ಬಸ್ಸಿನಷ್ಟು ಉದ್ದದ ರೆಕ್ಕೆ ಬುಡದಲ್ಲೇ ಮುರಿದು, ನಾವು ನಡೆದು ಬಂದ ದಾರಿ ಮೇಲೇ ಬಿತ್ತು.

"ಅಕ್ಕಾ, ಈಗ ತಾನೇ ಅಲ್ಲಿದ್ವಲ್ಲ," ಅಂದ ಲೋಗೇಶ್. ಅದನ್ನೇ ಮತ್ತೆ ಮತ್ತೆ ಅಂದ. ಇಷ್ಟು ವರ್ಷದ ಇಂಜಿನಿಯರ್ ಕೆಲಸದಲ್ಲಿ ನಾನು ಇಂಥದ್ದು ನೋಡಿರಲಿಲ್ಲ.

ಆಮೇಲೆ ನಾನು ನಿನ್ನ ನಂಬರಿಗೆ ಫೋನ್ ಮಾಡಿದೆ. ನೀನು ತೀರಿಕೊಂಡು ಎರಡು ವರ್ಷ ಆಗಿದ್ದು ಆ ಗಳಿಗೆ ನೆನಪೇ ಇರಲಿಲ್ಲ. "ಇಳಿದ ಕೂಡಲೇ ಒಂದು ಫೋನ್ ಹಾಕು ಕಣ್ಣೂ," ಅಂತ ನೀನು ಯಾವಾಗಲೂ ಹೇಳ್ತಿದ್ದೆ. ಇವತ್ತು ಹಾಕಿದೆ.

ಯಾರೋ ಎತ್ತಿದರು. ಊರಿನ ತಮಿಳು ಬಿಟ್ಟು ನಮ್ಮ ಮನೆ ಕನ್ನಡದಲ್ಲೇ, "ಅಪ್ಪಾ, ಇಳಿದೆ, ನಂಗೇನೂ ಆಗಿಲ್ಲ," ಅಂತ ಅತ್ತುಬಿಟ್ಟೆ.

ಅವರು ಒಡ್ಡನ್‌ಛತ್ರಂ ಮಾರ್ಕೆಟ್ಟಿನ ತರಕಾರಿ ವ್ಯಾಪಾರಿ ಅಂತ ಆಮೇಲೆ ಗೊತ್ತಾಯ್ತು. ನಿನ್ನ ನಂಬರು ಈಗ ಅವರದಂತೆ. ವಯಸ್ಸಾದ ದನಿ. ತಮಿಳಿನಲ್ಲಿ ಅಂದರು: "ನೀನು ಏನು ಹೇಳ್ತೀಯೋ ನನಗೆ ತಿಳೀತಿಲ್ಲ ತಾಯೀ. ಅಳಬೇಡ. ಮೊದಲು ಸ್ವಲ್ಪ ನೀರು ಕುಡಿ."

ಕುಡಿದೆ, ಅಪ್ಪಾ. ನಾನು ಕುಡಿದು ಮುಗಿಸೋವರೆಗೂ ಅವರು ಫೋನ್ ಇಡಲಿಲ್ಲ.