ಯಾವ ಮನೆಯ ಅಂಗಿ

ತಾರೀಖು ಹನ್ನೊಂದು, ಗುರುವಾರ

ತಮ್ಮನಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ಎರಡು ಮಾತಿಗೆ ಮುಗಿಯುವುದನ್ನು ಕಾಗದದಲ್ಲಿ ಬರೆಸುತ್ತೀಯಲ್ಲ, ನಿನ್ನ ಹೆಡ್‌ಮಾಸ್ಟರಿಕೆಗಿಷ್ಟು! ಏನಿದ್ದರೂ ಬರೆದು ಕೊಡಕ್ಕ ಅಂತ ನೀನು ಫೋನಿಟ್ಟೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇಸ್ತ್ರಿಪೆಟ್ಟಿಗೆ ಹಿಡಿದ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ವಿಷಯ ನನ್ನ ಮೊಮ್ಮಗಳು ಪುಟ್ಟಿಯದು. ಬುದ್ಧಿ ಅಳೆಯುವ ಪರೀಕ್ಷೆಯಲ್ಲಿ ನಂಬರು ಕಡಿಮೆ ಬಂತು, ಸೋಮವಾರದಿಂದ ನಿಧಾನದವರ ಕೋಣೆಗೆ ಹಾಕುತ್ತೇವೆ ಅಂತ ನೀನಂದೆ. ಮಕ್ಕಳು ಅದನ್ನು ದಡ್ಡರ ಕೋಣೆ ಅನ್ನುತ್ತಾರೆ. ಅಲ್ಲಿ ಪಾಠವಿಲ್ಲ, ಕಾಗದದ ಚೀಲ ಅಂಟಿಸುತ್ತಾ ಕೂರುತ್ತಾರೆ. ಅಲ್ಲಿಂದ ವಾಪಸು ಬಂದ ಮಗು ಒಂದನ್ನು ತೋರಿಸು.

ಪರೀಕ್ಷೆಯಲ್ಲಿ ಏನು ಕೇಳಿದರು ಅಂತ ವಿಚಾರಿಸಿದೆಯಾ? ನಾನು ವಿಚಾರಿಸಿದೆ. ಅಂಗಿ, ಫ್ರಾಕು, ಪ್ಯಾಂಟು, ದಿಂಬಿನ ಕವರು. ಚಿತ್ರ ತೋರಿಸಿ, ಇದರಲ್ಲಿ ಸೇರದ್ದು ಯಾವುದು ಅಂದರಂತೆ. ಯಾವ ಯಾವ ಮನೆಯದು ಅಂತ ಮೊದಲು ಹೇಳಿ ಮೇಡಂ ಅಂದಳಂತೆ ಇವಳು. ಮೇಡಂ ಸೊನ್ನೆ ಸುತ್ತಿದರು.

ಇನ್ನೇನು ಹೇಳಬೇಕಿತ್ತು? ನಮ್ಮ ಅಂಗಡಿಯಲ್ಲಿ ಮನೆ ನೋಡಿ ಗಂಟು ಕಟ್ಟುತ್ತೇವೆ. ಒಂದು ಮನೆಯ ಕವರು ಇನ್ನೊಂದು ಗಂಟಿಗೆ ಹೋದರೆ ನನ್ನ ಕೈಲಿ ಮೊಟಕಿಸಿಕೊಳ್ಳುತ್ತಾಳೆ. ಅವಳಮ್ಮನದು ಊರೂರು ತಿರುಗುವ ಕೆಲಸ, ಮಗು ಶಾಲೆಯ ಬೆಂಚು ಕಂಡದ್ದೇ ಈ ವರ್ಷ.

ನಮ್ಮ ರೀತಿಯೇ ದೊಡ್ಡದು ಅಂತ ಜಂಬ ಕೊಚ್ಚುತ್ತಿಲ್ಲ. ಯಾರದು, ಎಲ್ಲಿಯದು ಅನ್ನುವುದನ್ನು ಬಿಟ್ಟು, ಕೈಗೆ ಸಿಗದ ಒಂದು ಹೆಸರಿನಡಿ ವಸ್ತುಗಳನ್ನು ಸೇರಿಸುವ ವಿದ್ಯೆಯೊಂದಿದೆ. ನನಗದು ಬಾರದು. ಪೇಪರಿನಲ್ಲಿ ಸರಾಸರಿ ವಯಸ್ಸು ಅಂತ ಬಂದರೆ, ಯಾರ ವಯಸ್ಸು ಅಂತ ಕೇಳುವವಳು ನಾನು. ಅದು ಹುಟ್ಟುತ್ತಲೇ ಬರುವುದಲ್ಲ, ಬೆಂಚಿನ ಮೇಲೆ ಕೂತರೆ ಬರುತ್ತದೆ. ನಿನಗೂ ಹಾಗೇ ಬಂತು. ಈಜು ಬಾರದು ಅಂತ ಮಗುವನ್ನು ಕೆರೆಯಿಂದ ಓಡಿಸಿದರೆ ಎಲ್ಲಿ ಕಲಿಯಬೇಕು, ಚಾಪೆಯ ಮೇಲೆಯೇ?

ಭಾನುವಾರ ನಾನೇ ಪರೀಕ್ಷೆ ಮಾಡಿದೆ. ಗಂಟುಗಳನ್ನೆಲ್ಲ ಬಿಚ್ಚಿ ಸುರಿದು, ಮನೆ ಮರೆತುಬಿಡೇ, ಬೇರೆ ಹೇಗಾದರೂ ಸೇರಿಸು ಅಂದೆ. ಮೊದಲು ಅಳುಮುಖ ಮಾಡಿದಳು. ಆಮೇಲೆ ಮೈಗೆ ಹಾಕುವುದು, ಹಾಸಿಗೆಗೆ ಹಾಕುವುದು ಅಂತ ಎರಡು ರಾಶಿ ಮಾಡಿದಳು. ಅದನ್ನು ಕೆಡವಿ ಗುಂಡಿ ಇರುವುದು, ಇಲ್ಲದ್ದು. ಅದನ್ನೂ ಕೆಡವಿ ಬೇಗ ಸುಡುವುದು, ತಡೆದುಕೊಳ್ಳುವುದು. ಸಾಕು ನಿಲ್ಲಿಸು ತಾಯಿ ಅನ್ನುವವರೆಗೆ ಬಿಡಲಿಲ್ಲ. ಈ ಗಲಾಟೆಯಲ್ಲಿ ಹಲ್ಲಿನ ಡಾಕ್ಟರ ಪ್ಯಾಂಟು ಬೇಕರಿಯವನ ಮನೆ ಸೇರಿತು. ಆ ಮಹಾರಾಯ ಅದನ್ನೇ ಹಾಕಿಕೊಂಡು ಬೇಕರಿ ತೆರೆದ. ಬೈಸಿಕೊಂಡವಳು ನಾನು.

ಅವಳನ್ನು ಬೆಂಚಿನಿಂದ ಎಬ್ಬಿಸಬೇಡ. ಸೋಮವಾರ, ಹದಿನೈದನೇ ತಾರೀಖು, ಶಾಲೆಯ ಮೊದಲ ಗಂಟೆ ಹೊಡೆಯುವುದರೊಳಗೆ ಉತ್ತರ ಬೇಕು.

ಇಂತಿ ನಿನ್ನ ಅಕ್ಕ,
ಇಸ್ತ್ರಿ ಅಂಗಡಿಯವಳು

ಮರೆತಿದ್ದೆ: ನಮ್ಮಿಬ್ಬರಿಗೆ ಜಗಳವಾದಾಗಿನಿಂದ ನೀನು ಅಂಗಡಿಗೆ ಕಾಲಿಡದೆ ಜವಾನನ ಕೈಲಿ ಕಳಿಸುತ್ತೀಯಲ್ಲ, ಆ ಅಂಗಿಗಳು. ಗಂಟು ಮತ್ತೆ ಕಟ್ಟುವಾಗ ಪುಟ್ಟಿ ಅವನ್ನು ನಮ್ಮ ಬಟ್ಟೆಯ ಜೊತೆ ಸೇರಿಸಿದ್ದಳು. ಬೇರೆ ಕಟ್ಟೇ ಅಂದರೆ, ಚಿಕ್ಕ ತಾತ ನಮ್ಮ ಮನೆಯವರೇ ಅಲ್ವಾ ಅಜ್ಜಿ ಅಂತ ಕೇಳಿದಳು. ನಿನ್ನ ಚಿಕ್ಕ ತಾತನನ್ನೇ ಕೇಳುತ್ತೇನೆ ಅಂದೆ. ಅಂಗಿಗಳು ಅಲ್ಲೇ ಇವೆ, ಜವಾನನ ಕೈಗೆ ಕೊಡುವುದಿಲ್ಲ. ಇದಕ್ಕೂ ಸೋಮವಾರದೊಳಗೇ ಉತ್ತರ ಬೇಕು.