ಹಿಂದಿನ ಸೀಟಿನ ಎರಡು ಅಂಕ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಹನ್ನೆರಡನೇ ತಾರೀಕು, ಬೆಳಗಿನ ಜಾವ ಮೂರೂ ಕಾಲು

ಪ್ರೀತಿಯ ಅಣ್ಣಾ,

ಎರಡು ಗಂಟೆ ಐವತ್ತು ನಿಮಿಷಕ್ಕೆ ಎಚ್ಚರವಾಯಿತು. ಪುಟ್ಟಿ ಅತ್ತಳೇನೋ ಎಂದು ಕೈಯಾಡಿಸಿದೆ. ಅವಳು ಬಾಯಿ ತೆರೆದುಕೊಂಡು ಒಳ್ಳೇ ನಿದ್ದೆಯಲ್ಲಿದ್ದಳು. ಸದ್ದು ಕೆಳಗಿನದು. ಕಿರ್, ಕಿರ್, ಕಿರ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಕಿರ್, ಕಿರ್. ಗ್ಯಾರೇಜಿನಲ್ಲಿ ಯಾರೋ ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಚ್ಚುತ್ತಿದ್ದರು. ಯಾರೋ ಅಂದರೆ ಇನ್ಯಾರು, ಇವರೇ. ಹಾಸಿಗೆಯ ಆ ಪಕ್ಕ ತಣ್ಣಗಿತ್ತು.

ನೀನು ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ರಾತ್ರಿ ಪಾಳಿ ಇನ್ನೂ ಎರಡು ವಾರ ಇದೆಯೆಂದು ಅತ್ತಿಗೆ ಹೇಳಿದರು. ಹಗಲು ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗುತ್ತೀಯಂತೆ, ಪಕ್ಕದ ಮನೆಯವರು ಯಾರೋ ಕಾಯಿಲೆಯವರಿದ್ದಾರೆ ಎಂದುಕೊಂಡಿದ್ದಾರಂತೆ. ನಗು ಬಂತು, ಆಮೇಲೆ ಬೇಜಾರಾಯಿತು. ನಾನೂ ಅದೇ ಜಾತಿಗೆ ಸೇರಿದ್ದೇನೆ. ಪುಟ್ಟಿ ಹುಟ್ಟಿದ ಮೇಲೆ ಎರಡೂವರೆ ವರ್ಷದಲ್ಲಿ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದ ನೆನಪಿಲ್ಲ. ಅವಳು ಎದ್ದರೆ ಎಚ್ಚರ, ಏಳದಿದ್ದರೆ ಯಾಕೆ ಏಳಲಿಲ್ಲವೆಂದು ಎಚ್ಚರ. ಆರು ತಿಂಗಳಿಂದ ನೀನು ಈ ಮನೆಯ ಫೋನ್ ಎತ್ತುತ್ತಿಲ್ಲ. ಮೊಬೈಲಿಗೆ ಮೆಸೇಜ್ ಕಳಿಸಿದರೆ ಒಂದು ಹೆಬ್ಬೆರಳು ಬರುತ್ತದೆ, ಅಷ್ಟೇ. ಆದರೆ ಹಾಸ್ಟೆಲಿನಲ್ಲಿದ್ದಾಗಿನಿಂದ ನಾನು ಬರೆದ ಕಾಗದವನ್ನು ನೀನು ಓದದೆ ಬಿಟ್ಟಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಬರೆದು ಮುಗಿದ ಮೇಲೆ ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ನಾಲ್ಕೂ ಮುಕ್ಕಾಲಿಗೆ ಚಹಾಕ್ಕೆ ಬಿಟ್ಟಾಗ ಲಾಕರಿನಿಂದ ಫೋನ್ ತೆಗೆಯುತ್ತೀಯಲ್ಲ, ಆಗ ಸಿಗಬೇಕು.

ಕೆಳಗೆ ಹೋಗಿ ನೋಡಿದೆ. ನಮ್ಮಪ್ಪ ಬಿಟ್ಟುಹೋದ ಕಾರಿನ ಹಿಂದಿನ ಬಾಗಿಲು ತೆರೆದಿತ್ತು. ಇವರು ಒಳಗೆ ಮೊಣಕಾಲೂರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ನೀನು ಪುಟ್ಟಿ ಹುಟ್ಟಿದ ತಿಂಗಳಲ್ಲಿ ಬಂದು ಎರಡು ದಿನ ಕೂತು ಹಾಕಿಕೊಟ್ಟ ಬೆಲ್ಟುಗಳನ್ನು ಬಿಚ್ಚುತ್ತಿದ್ದರು. ಪುಟ್ಟಿಯ ಪುಟ್ಟ ಸೀಟನ್ನು ಬಿಗಿಯುವುದೂ ಅದೇ ಬೆಲ್ಟಿನಿಂದ. ಆ ಸೀಟು ಆಗಲೇ ಅಟ್ಟ ಸೇರಿತ್ತು. ಬೋಲ್ಟುಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ, ತೂತುಗಳಿಗೆ ಕಪ್ಪು ರಬ್ಬರಿನ ಮುಚ್ಚಳ. ನನ್ನನ್ನು ನೋಡಿ ಟಾರ್ಚ್ ಕೈಗೆ ತೆಗೆದುಕೊಂಡು, ಕದ್ದು ಸಕ್ಕರೆ ತಿಂದ ಮಗುವಿನ ಹಾಗೆ ನಕ್ಕರು. "ಎದ್ಬಿಟ್ಯಾ? ಇವತ್ತೊಂದು ದಿನ ಕಣೇ. ಸಾಯಂಕಾಲ ಬಂದ ತಕ್ಷಣ ವಾಪಸ್ ಹಾಕ್ತೀನಿ" ಅಂದರು.

ಇವತ್ತು ಹಳೇ ಕಾರುಗಳ ಪ್ರದರ್ಶನ. ನೂರಾ ಮೂವತ್ತು ಕಿಲೋಮೀಟರ್ ದೂರ, ಹೆದ್ದಾರಿಯಲ್ಲೇ ಹೋಗಬೇಕು. ಆರು ಗಂಟೆಗೆ ಎಲ್ಲರೂ ಸಾಲಾಗಿ ಹೊರಡುವುದು. ಹೋದ ವರ್ಷ ಇವರಿಗೆ ಕಪ್ ತಪ್ಪಿದ್ದು ಎರಡೇ ಅಂಕದಲ್ಲಿ. ತೀರ್ಪುಗಾರರು ಕೊಟ್ಟ ಹಾಳೆ ಫ್ರಿಜ್ಜಿನ ಬಾಗಿಲ ಮೇಲೆ ವರ್ಷವಿಡೀ ಅಂಟಿಕೊಂಡಿದೆ. ಹಾಲು ತೆಗೆಯುವಾಗಲೆಲ್ಲ ನಾನದನ್ನು ಓದಿದ್ದೇನೆ. ಬಣ್ಣ: ಪೂರ್ತಿ ಅಂಕ. ಕ್ರೋಮ್: ಪೂರ್ತಿ ಅಂಕ. "ಹಿಂದಿನ ಸೀಟಿನ ಬೆಲ್ಟು, ಮೂಲದ್ದಲ್ಲ, ಎರಡು ಅಂಕ ಕಡಿತ." ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರಬೇಕು, ಒಂದು ಸ್ಕ್ರೂ ಕೂಡ ಹೊಸದಾಗಿ ಸೇರಿರಬಾರದು. ಅದು ಇವರ ಬಳಗದ ಧರ್ಮ. ಕಪ್ ಹೋಗಿದ್ದು ಹಲ್ಲಿನ ಡಾಕ್ಟರಿಗೆ. ಅವರ ಕಾರಿನಲ್ಲಿ ಬೆಲ್ಟಿಲ್ಲ, ಅವರಿಗೆ ಮಕ್ಕಳೂ ಇಲ್ಲ.

ಆ ಬಳಗವನ್ನು ನೀನು ನೋಡಿದ್ದೀಯ. ಪ್ರತಿ ಭಾನುವಾರ ನಮ್ಮ ಗ್ಯಾರೇಜಿನ ಮೆಟ್ಟಿಲ ಮೇಲೆ ಅವರ ಸಭೆ. ಮೂರು ವರ್ಷ ಚಹಾ ಕೊಟ್ಟೂ ಕೊಟ್ಟೂ ನನಗೇ ಒಂದು ಪರೀಕ್ಷೆ ಬರೆಯುವಷ್ಟು ಬಂದಿದೆ. ಡಾಕ್ಟರು ಎಲ್ಲವನ್ನೂ ಬಾಯಿ ನೋಡಿಯೇ ಹೇಳುವವರು: ಹಳೇ ಕಾರುಗಳು ಹಲ್ಲು ಬಿಟ್ಟು ನಗುತ್ತಿದ್ದವು, ಈಗಿನವಕ್ಕೆಲ್ಲ ದವಡೆ ನೋವು, ಬ್ಯಾಟರಿ ಕಾರುಗಳಿಗಂತೂ ಬಾಯಿಗೇ ಹೊಲಿಗೆ ಹಾಕಿದ್ದಾರೆ. ನಿವೃತ್ತ ಡ್ರಾಯಿಂಗ್ ಮೇಷ್ಟ್ರ ವಾದ ಬೇರೆ. ಮೊದಲು ಒಬ್ಬ ಮನುಷ್ಯ ಪೆನ್ಸಿಲ್ ಹಿಡಿದು ಒಂದು ಗೆರೆ ಎಳೆಯುತ್ತಿದ್ದ, ಆ ಗೆರೆ ಬಾನೆಟ್ಟಿನಿಂದ ಡಿಕ್ಕಿಯ ತನಕ ಉಸಿರು ಬಿಡದೆ ಓಡುತ್ತಿತ್ತು. ಈಗ ಗಾಳಿಯೇ ಗೆರೆ ಎಳೆಯುತ್ತದೆ, ಅದಕ್ಕೇ ಎಲ್ಲ ಕಾರುಗಳೂ ಅರ್ಧ ಸವೆದ ಸೋಪಿನ ಹಾಗೆ ಕಾಣುತ್ತವೆ ಎನ್ನುತ್ತಾರೆ. ಮೊನ್ನೆ ಅವರು ಪುಟ್ಟಿಗೆ ಮುಂದಿನ ಕಾಲದ ಕಾರು ಬರೆದುಕೊಟ್ಟರು. ಸ್ಟಿಯರಿಂಗ್ ಇಲ್ಲ, ಡ್ರೈವರ್ ಇಲ್ಲ, ನಾಲ್ಕು ಕುರ್ಚಿ ಎದುರುಬದುರು. "ಚಕ್ರ ಹಾಕಿದ ಪಡಸಾಲೆ ಕಣಮ್ಮಾ" ಅಂದರು. ಪುಟ್ಟಿ ತಿರುಗಿಸಿ ಮುರುಗಿಸಿ ನೋಡಿ "ಪೋಂಪೋಂ ಎಲ್ಲಿ?" ಎಂದು ಕೇಳಿದಳು. ಮೇಷ್ಟ್ರು ಕಾಗದ ವಾಪಸ್ ತೆಗೆದುಕೊಂಡು ಮೂಲೆಯಲ್ಲೊಂದು ಹಾರ್ನ್ ಬರೆದುಕೊಟ್ಟರು.

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅವರು ಹೇಳುವುದೆಲ್ಲ ಸುಳ್ಳಲ್ಲ. ಸಾಯಂಕಾಲದ ಬಿಸಿಲು ಓರೆಯಾಗಿ ಬಿದ್ದಾಗ ಅಪ್ಪನ ಕಾರಿನ ಮಡ್‌ಗಾರ್ಡಿನ ಮೇಲೆ ಬೆಳಕು ಹರಿದು ಹೋಗುವುದನ್ನು ನೋಡಿದರೆ ನನ್ನ ಕೈಯಲ್ಲಿದ್ದ ಬಟ್ಟೆ ಬಕೆಟ್ ಅಲ್ಲೇ ನಿಂತುಬಿಡುತ್ತದೆ. ಈಗಿನ ಯಾವ ಕಾರನ್ನು ಕಂಡೂ ಹಾಗಾಗಿಲ್ಲ. ಆದರೆ ಮೂರು ವರ್ಷದಲ್ಲಿ ಒಂದು ಗಮನಿಸಿದೆ. ಇವರೆಲ್ಲ ಕಾರಿನ ಬಗ್ಗೆ ಮಾತಾಡುವುದು ಹೊರಗೆ ನಿಂತುಕೊಂಡು. ಸೊಂಟಕ್ಕೆ ಕೈ ಕೊಟ್ಟು, ತಲೆ ಓರೆ ಮಾಡಿ, ಎರಡು ಹೆಜ್ಜೆ ಹಿಂದೆ ಸರಿದು. ಒಳಗೆ ಕೂತರೂ ಡ್ರೈವರ್ ಸೀಟಿನಲ್ಲೇ. ಹಿಂದೆ ಕೂತು ಮಾತಾಡಿದವರನ್ನು ನಾನು ಕಂಡಿಲ್ಲ. ಹಿಂದಿನ ಸೀಟಿನಿಂದ ನೋಡಿದವನು ನೀನೊಬ್ಬನೇ. ಅದಕ್ಕೇ ನಿನಗೆ ಆ ಹೆಸರು ಬಂತು.

ಪುಟ್ಟಿ ಈಗಲೂ ನಿನ್ನನ್ನು ಗುದ್ದುಮಾಮ ಅಂತಲೇ ಕರೆಯುವುದು. ಅವಳ ಎರಡನೇ ಹುಟ್ಟುಹಬ್ಬದ ದಿನ ಅವರೆಲ್ಲ ಇಟ್ಟ ಹೆಸರು. ಹೊಸ ಕಾರುಗಳನ್ನು ಗೋಡೆಗೆ ಗುದ್ದಿಸಿ, ಒಳಗಿನ ಗೊಂಬೆಗಳಿಗೆ ಏನಾಯಿತೆಂದು ನೋಡುವ ಕೆಲಸ ನಿನ್ನದು ಎಂದು ತಿಳಿದು ಮೊದಲು ತಮಾಷೆಯಾಗಿಯೇ ಶುರುವಾಯಿತು. ಆಮೇಲೆ ಇವರು, ಈಗಿನ ಕಾರಿನ ಗಾಜಿನ ಪಕ್ಕದ ಕಂಬಗಳು ಎಷ್ಟು ದಪ್ಪ ಅಂದರೆ ಕೋಟೆಯ ಕಿಂಡಿಯಿಂದ ಇಣುಕಿದ ಹಾಗಾಗುತ್ತದೆ ಎಂದರು. ನೀನು "ಅದು ಯಾಕೆ ದಪ್ಪ ಆಯ್ತು ಅಂತ ಒಂದ್ಸಲ ಬಂದು ನೋಡಿ" ಅಂದೆ. "ಗೊಂಬೆ ಗುದ್ದಿಸಿ ಗುದ್ದಿಸಿನೇ ಭಾವ, ನಿಮ್ಮಂಥೋರು ಕಾರುಗಳ ಮುಖ ಕೆಡಿಸಿದ್ದು. ನಾವೆಲ್ಲ ಬೆಲ್ಟಿಲ್ಲದೆ ಬೆಳೀಲಿಲ್ವಾ? ಸತ್ತು ಹೋದ್ವಾ?" ಎಂದು ಇವರು ನಕ್ಕರು. ಎಲ್ಲರೂ ನಕ್ಕರು. ನೀನು ಗಲ್ಲ ಸವರಿಕೊಂಡೆ. ಕೇಕ್ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು, ಗೀರು ಬೀಳಬಾರದೆಂದು ಮತ್ತೆ ಎತ್ತಿ ಮೆಟ್ಟಿಲ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಹೋದೆ. ಆ ದಿನದಿಂದ ಈ ಕಡೆ ತಲೆ ಹಾಕಿಲ್ಲ. ನಾನು ನಿನ್ನನ್ನು ದೂರುತ್ತಿಲ್ಲ. ನಗದೆ ಇದ್ದವಳು ನಾನೊಬ್ಬಳೇ, ಆದರೆ ನಾನೂ ಬಾಯಿ ಬಿಡಲಿಲ್ಲ.

ಇವರು ಕೆಟ್ಟವರಲ್ಲ ಅಣ್ಣಾ, ಅದೇ ಕಷ್ಟ. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮತ್ತೆ ಉಜ್ಜುತ್ತಾರೆ. ಪುಟ್ಟಿಯ ಉಗುರು ಕತ್ತರಿಸುವಾಗ ಉಸಿರು ಹಿಡಿದುಕೊಳ್ಳುತ್ತಾರೆ. ಅಂಥವರಿಗೆ ಇದೊಂದು ಕಾಣುವುದಿಲ್ಲ. ಕೆಳಗೆ ನಿಂತು ನಾನು ಹೇಳುವುದನ್ನೆಲ್ಲ ಹೇಳಿದೆ. "ತೊಡೆ ಮೇಲೆ ಗಟ್ಟಿಯಾಗಿ ಹಿಡ್ಕೊಂಡ್ರೆ ಆಯ್ತಪ್ಪ, ನಮ್ಮಮ್ಮ ನನ್ನ ಹಾಗೇ ಹಿಡ್ಕೊಂಡಿದ್ದು" ಅಂದರು. ಹನ್ನೆರಡು ಕೆಜಿಯ ಮಗು ಆ ಒಂದು ಗಳಿಗೆಯಲ್ಲಿ ಮುನ್ನೂರು ಕೆಜಿಯ ಮೂಟೆಯಾಗುತ್ತದೆ, ಅದನ್ನು ಹಿಡಿಯುವ ತೋಳು ಯಾವ ತಾಯಿಗೂ ಇಲ್ಲ ಎಂದು ನೀನು ಹೇಳಿದ್ದನ್ನು ಹೇಳಿದೆ. "ನಿಮ್ಮಣ್ಣನ ಲೆಕ್ಕ" ಅಂದರು. ನಾನು ಬರುವುದಿಲ್ಲ ಅಂದೆ. ಸರಿ, ನೀನು ನಿದ್ದೆ ಮಾಡು, ಅಮ್ಮ ಬರುತ್ತಾರೆ, ಪುಟ್ಟಿಯನ್ನು ಅವರು ಹಿಡಿದುಕೊಳ್ಳುತ್ತಾರೆ ಎಂದರು. ಅತ್ತೆಯಂತೂ ನಿನ್ನೆ ಸಂಜೆಯೇ ತಂಪು ಕನ್ನಡಕ ಒರೆಸಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ. ಅವರ ಮಣಿಕಟ್ಟು ನಿನಗೆ ಗೊತ್ತಲ್ಲ, ಹಾಲಿನ ಪಾತ್ರೆ ಇಳಿಸುವುದಕ್ಕೂ ನನ್ನನ್ನೇ ಕೂಗುತ್ತಾರೆ. ಕಾರಿನ ಬಣ್ಣದ್ದೇ ಒಂದು ಫ್ರಾಕು ಪುಟ್ಟಿಗೆ ಹೊಲಿಸಿದ್ದಾರೆ. ಬಾಗಿಲ ಹಿಂದೆ ನೇತಾಡುತ್ತಿದೆ. ಮುದ್ದಾಗಿದೆ. ಅದರ ಮೇಲೊಂದು ಟವೆಲ್ ಹೊದಿಸಿ ಬಂದೆ.

ಜಗಳಕ್ಕೆ ನನ್ನಲ್ಲಿ ಶಕ್ತಿ ಉಳಿದಿಲ್ಲ. ಇನ್ನೊಂದು ಮಾತು ಜಾಸ್ತಿ ಆಡಿದ್ದರೆ "ನಿದ್ದೆಯಿಲ್ಲದೆ ನಿನಗೆ ಎಲ್ಲದಕ್ಕೂ ಭಯ" ಎಂಬ ಮಾತು ಬರುತ್ತಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಬಕೆಟ್ ನೀರಿಗೂ ಹೆದರುತ್ತೇನೆ, ಕರೆಂಟಿನ ಪ್ಲಗ್ಗಿಗೂ ಹೆದರುತ್ತೇನೆ. ಹತ್ತು ಸುಳ್ಳು ಭಯದ ನಡುವೆ ಒಂದು ನಿಜವಾದ ಭಯವಿದ್ದರೆ ಅದನ್ನು ನಂಬಿಸುವುದು ಹೇಗೆ? ಈಗ ಇವರು ಸೋಫಾದ ಮೇಲೆ ಮಲಗಿದ್ದಾರೆ. ಕೈಬೆರಳಿನಲ್ಲಿ ಇನ್ನೂ ಪಾಲಿಶ್ ವಾಸನೆ. ಡಾಕ್ಟರು ಬಂದಾಗಲೆಲ್ಲ ಮುಂದಿನ ಸೀಟಿನ ಬೆನ್ನಿಗಿರುವ ಕ್ರೋಮ್ ಆ್ಯಶ್‌ಟ್ರೇಯ ಮುಚ್ಚಳವನ್ನು ಟಕ್ ಅನಿಸಿ, "ಇಂಥ ಕೈಕೆಲಸ ಇನ್ನು ಹುಟ್ಟಲ್ಲ" ಎನ್ನುತ್ತಾರೆ. ಇವರು ಅದನ್ನು ನಿನ್ನೆ ಮೂರು ಸಲ ಹೊಳೆಯಿಸಿದರು. ನಾನು ಬೇರೆ ಕಡೆ ನೋಡುತ್ತಿದ್ದೆ. ಯಾಕೆಂದು ನಿನಗೆ ಗೊತ್ತು.

ಅತ್ತಿಗೆಗೆ ನನ್ನ ನೆನಪು ತಿಳಿಸು. ನಿನಗೆ ಹಗಲಲ್ಲಾದರೂ ಗಾಢ ನಿದ್ದೆ ಬರಲಿ, ಸೊಂಟ ನೆಟ್ಟಗಿರಲಿ. ಪುಟ್ಟಿಯ ಕಡೆಯಿಂದ ಗುದ್ದುಮಾಮನಿಗೆ ಒಂದು ಮುತ್ತು.

ನಿನ್ನ
ತಂಗಿ

ಮತ್ತೊಂದು ಮಾತು, ಇದೇ ನಿಜವಾದ ಮಾತು. ಗಂಟೆ ನಾಲ್ಕೂ ಇಪ್ಪತ್ತು. ಇದನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೋಲ್ಟಿನ ಡಬ್ಬಿ ತೊಡೆಯ ಮೇಲಿದೆ, ಕೀ ನನ್ನ ಮುಷ್ಟಿಯಲ್ಲಿದೆ. ಆ ಆ್ಯಶ್‌ಟ್ರೇ ನನ್ನೆದುರಿಗೇ ಇದೆ. ಪುಟ್ಟಿ ಇಲ್ಲಿ ನಿಂತರೆ ಅವಳ ಮುಖ ಎಲ್ಲಿಗೆ ಬರುತ್ತದೆಂದು ಕೈಯಿಂದ ಅಳೆದು ನೋಡಿದೆ. ಸರಿಯಾಗಿ ಅಲ್ಲಿಗೇ ಬರುತ್ತದೆ. ನಿನ್ನ ಗಲ್ಲದ ಗಾಯ ಸೈಕಲ್ಲಿನಿಂದ ಬಿದ್ದದ್ದೆಂದೇ ಇವರು ನಂಬಿದ್ದಾರೆ, ಅಮ್ಮನೂ ಕೊನೆಯ ತನಕ ಹಾಗೇ ನಂಬಿದ್ದಳು. ನಾಯಿ ಅಡ್ಡ ಬಂತೆಂದು ಅಪ್ಪ ಬ್ರೇಕ್ ಒತ್ತಿದ್ದು, ಬೇರೆ ಯಾವ ಗಾಡಿಗೂ ತಾಗದೆ, ಬರೀ ಬ್ರೇಕಿಗೇ ನೀನು ಹಾರಿ ಈ ಮುಚ್ಚಳಕ್ಕೆ ಬಡಿದದ್ದು, ಸೀಟೆಲ್ಲ ರಕ್ತವಾದದ್ದು, ಅಪ್ಪ ರಸ್ತೆ ಪಕ್ಕ ಕೂತು ಅತ್ತದ್ದು, ಎಲ್ಲ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಯಾರಿಗೂ ಹೇಳುವುದಿಲ್ಲವೆಂದು ನೀನು ನನ್ನ ಕೈಯಲ್ಲಿ ಅಪ್ಪನ ಮೇಲೆ ಆಣೆ ಹಾಕಿಸಿದ್ದೆ. ಇಪ್ಪತ್ತನಾಲ್ಕು ವರ್ಷ ಉಳಿಸಿಕೊಂಡಿದ್ದೇನೆ. ಅಪ್ಪನಿಗೆ ಇನ್ನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ ಅಣ್ಣಾ. ಇವರು ಕಪ್ ಗೆಲ್ಲಬೇಕೆಂದಿರುವುದು ಅಪ್ಪನ ಕಾರಿಗೆ ಮರ್ಯಾದೆ ಸಿಗಲೆಂದೇ. ಆ ಕಾರು ನಿನಗೆ ಏನು ಮಾಡಿತೆಂದು ನಿನ್ನ ಬಾಯಲ್ಲಿ ಕೇಳಿದರೆ ಮಾತ್ರ ಇವರ ಕೈ ತಡೆಯುತ್ತದೆ. ಇವರಿಗೆ ಫೋನ್ ಮಾಡು. ಮನಸ್ಸಾಗದಿದ್ದರೆ ನನಗೆ ಮಾಡಿ "ಹೇಳು" ಅನ್ನು, ಅಷ್ಟು ಸಾಕು, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ. ಇವತ್ತು ಹೆಬ್ಬೆರಳು ಕಳಿಸಬೇಡ. ಅವತ್ತಿನ ಕೋಪ ಏನಿದ್ದರೂ ನಾಳೆಗೆ ಇಟ್ಟುಕೋ. ಆರು ಗಂಟೆಗೆ ಹೊರಡುತ್ತಾರೆ, ಐದೂವರೆಗೆ ಅಲಾರಂ ಇದೆ. ಬೆಳಗಾಗುವುದರೊಳಗೆ ಫೋನ್ ಮಾಡು ಅಣ್ಣಾ, ದಮ್ಮಯ್ಯ, ಫೋನ್ ಮಾಡು.